ಗಾಂಧೀಜಿಯವರ ಮನೆ ಎಂಬ ಶಾಲೆ

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಒಂದೇ ಸೂರಿನಡಿ ಹತ್ತೆಂಟು ಮಕ್ಕಳು ಬೆಳೆಯುವುದು ಹೊಸ ಸಂಗತಿಯೇನಲ್ಲ. ಸ್ವಂತ ಮಕ್ಕಳ ಜೊತೆಗೆ ತೀರಿಹೋದ ಅಣ್ಣನ ಮಕ್ಕಳು, ವಿಧವೆ ತಂಗಿಯ ಮಗ, ಗುಳೆ ಹೋದ ನೆಂಟರ ಮಗಳು, ಹೀಗೆ ಎಲ್ಲರೂ ಒಂದೇ ದಸ್ತರಖಾನಿನ ಸುತ್ತ ಕೂಡುತ್ತಾರೆ. ಯತೀಮ್ ಮಗುವಿನ ತಲೆ ಸವರುವುದು ಪುಣ್ಯದ ಕೆಲಸವೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಅನ್ನ ಬಡಿಸುವಾಗ ನಾವು ಭೇದ ಮಾಡುವುದಿಲ್ಲ. ಆದರೆ ಓದಿನ ಮಾತು ಬಂದಾಗ ಮಾತ್ರ ಲೆಕ್ಕಾಚಾರ ಶುರುವಾಗುತ್ತದೆ. ಯಾರನ್ನು ಕಾಲೇಜಿಗೆ ಕಳಿಸುವುದು, ಯಾರನ್ನು ಗ್ಯಾರೇಜಿಗೆ ಕಳಿಸುವುದು ಎಂಬ ಪ್ರಶ್ನೆ ಎದುರಾಗುತ್ತದೆ.

ಇದೇ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆ ತಮ್ಮ ಮನೆಯಲ್ಲೇ ಎದುರಿಸಿದವರು ಮಹಾತ್ಮಾ ಗಾಂಧೀಜಿ. ಅವರನ್ನು ನಾವು ಸ್ವಾತಂತ್ರ್ಯ ಹೋರಾಟದ ನಾಯಕರೆಂದು ಬಲ್ಲೆವು. ತಮ್ಮ ಮತ್ತು ಪರರ ಮಕ್ಕಳನ್ನು ಒಟ್ಟಿಗೆ ಸಾಕಿ, ಮನೆಯಲ್ಲೇ ಪಾಠ ಹೇಳಿದ ತಂದೆಯಾಗಿ ಅವರು ನಮಗೆ ಅಷ್ಟಾಗಿ ಪರಿಚಿತರಲ್ಲ. ಆ ತಂದೆಯ ಗೆಲುವು ಮತ್ತು ಸೋಲು ಎರಡರಿಂದಲೂ ನಾವು ಕಲಿಯುವುದಿದೆ.

ಮನೆಯಲ್ಲಿ ಮೊದಲ ಪಾಠ

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು ಗುಜರಾತಿನ ಪೋರಬಂದರಿನಲ್ಲಿ. ಹದಿಮೂರರ ವಯಸ್ಸಿಗೇ ಕಸ್ತೂರಬಾ ಅವರೊಡನೆ ಮದುವೆಯಾಯಿತು. ಇಂಗ್ಲೆಂಡಿನಲ್ಲಿ ಓದಿ 1891ರಲ್ಲಿ ಬ್ಯಾರಿಸ್ಟರ್ ಆದರು. 1893ರಲ್ಲಿ ದಾದಾ ಅಬ್ದುಲ್ಲಾ ಎಂಬ ಮುಸ್ಲಿಂ ವ್ಯಾಪಾರಿಯ ಸಂಸ್ಥೆಯ ವ್ಯಾಜ್ಯಕ್ಕಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಒಂದು ವರ್ಷದ ಕೆಲಸವೆಂದು ಹೋದವರು ಅಲ್ಲಿಯ ಭಾರತೀಯರಿಗೆ ಆಗುತ್ತಿದ್ದ ಅವಮಾನವನ್ನು ಕಂಡು, ನಡುನಡುವೆ ಊರಿಗೆ ಬಂದು ಹೋದರೂ, 1914ರವರೆಗೆ ಆ ನಾಡಿನ ಋಣದಲ್ಲೇ ಉಳಿದರು.

1897ರ ಜನವರಿಯಲ್ಲಿ ಅವರು ಕುಟುಂಬದೊಡನೆ ಡರ್ಬನ್ ಬಂದರಿನಲ್ಲಿ ಇಳಿದಾಗ ಜೊತೆಯಲ್ಲಿ ಮೂವರು ಹುಡುಗರಿದ್ದರು. ಹರಿಲಾಲ್ ಮತ್ತು ಮಣಿಲಾಲ್ ಸ್ವಂತ ಮಕ್ಕಳು. ಮೂರನೆಯವನು ವಿಧವೆ ಅಕ್ಕನ ಒಬ್ಬನೇ ಮಗ ಗೋಕುಲದಾಸ. ಮುಂದೆ ರಾಮದಾಸ್, ದೇವದಾಸ್ ಹುಟ್ಟಿದರು. 1900ರಲ್ಲಿ ದೇವದಾಸ್ ಹುಟ್ಟಿದಾಗ ಸಮಯಕ್ಕೆ ಯಾರೂ ಸಿಗದೆ ಗಾಂಧೀಜಿಯವರೇ ನಿಂತು ಹೆರಿಗೆ ಮಾಡಿಸಿದರು.

ಹುಡುಗರನ್ನು ಯಾವ ಶಾಲೆಗೆ ಸೇರಿಸುವುದು? ಬಿಳಿಯರ ಶಾಲೆಗಳಲ್ಲಿ ಭಾರತೀಯ ಮಕ್ಕಳಿಗೆ ಪ್ರವೇಶವಿರಲಿಲ್ಲ. ಬ್ಯಾರಿಸ್ಟರರ ಮಕ್ಕಳೆಂದು ವಿಶೇಷ ರಿಯಾಯಿತಿಯಲ್ಲಿ ಸೇರಿಸಿಕೊಳ್ಳಬಹುದಿತ್ತು. ಬೇರೆ ಭಾರತೀಯರ ಮಕ್ಕಳಿಗೆ ಇಲ್ಲದ ಸೌಲಭ್ಯ ತಮ್ಮ ಮಕ್ಕಳಿಗೆ ಬೇಡವೆಂದು ಅವರು ನಿರಾಕರಿಸಿದರು. ತಿಂಗಳಿಗೆ 7 ಪೌಂಡ್ ಸಂಬಳಕ್ಕೆ ಒಬ್ಬ ಇಂಗ್ಲಿಷ್ ಶಿಕ್ಷಕಿಯನ್ನು ಮನೆಗೆ ನೇಮಿಸಿದರು. ಅದು ಸಾಲದಾಯಿತು. ತಾವೇ ಪಾಠ ಹೇಳಲು ಕುಳಿತರೆ ಕಕ್ಷಿದಾರರ ಕರೆ, ಸಭೆಯ ಕರೆ ಬರುತ್ತಿತ್ತು. ಜೊಹಾನ್ಸ್‌ಬರ್ಗಿನಲ್ಲಿದ್ದಾಗ ಮನೆಯಿಂದ ಕಚೇರಿಗೆ ಹೋಗಿ ಬರಲು ಒಟ್ಟು ಸುಮಾರು ಐದು ಮೈಲಿ ನಡೆಯುತ್ತಿದ್ದರು, ಮಕ್ಕಳೂ ಜೊತೆಗೆ ನಡೆಯುತ್ತಿದ್ದರು. ಆ ದಾರಿಯ ಮಾತೇ ಪಾಠ. ಮಾತು ಗುಜರಾತಿಯಲ್ಲೇ ನಡೆಯಬೇಕು ಎಂಬುದು ಅವರ ಹಠ. ಇದರ ಬಗ್ಗೆ ಗೆಳೆಯ ಪೋಲಾಕ್ ಅವರೊಡನೆ ಅನೇಕ ಬಾರಿ ಬಿಸಿಬಿಸಿ ಚರ್ಚೆಯೂ ಆಗಿತ್ತು.

ಟಾಲ್‌ಸ್ಟಾಯ್ ಫಾರಂ

1904ರಲ್ಲಿ ಡರ್ಬನ್ ಸಮೀಪ ಫೀನಿಕ್ಸ್ ಎಂಬಲ್ಲಿ ಸುಮಾರು ನೂರು ಎಕರೆ ಜಮೀನು ಕೊಂಡು ಒಂದು ವಸತಿಯನ್ನು ಕಟ್ಟಿದರು. ಆದರೆ ಅವರ ಮನೆಶಾಲೆ ನಿಜವಾಗಿ ತುಂಬಿಕೊಂಡಿದ್ದು 1910ರಲ್ಲಿ. ಆಗ ಸತ್ಯಾಗ್ರಹದಲ್ಲಿ ಅನೇಕರು ಜೈಲು ಸೇರಿದ್ದರು. ಅವರ ಹೆಂಡತಿ ಮಕ್ಕಳಿಗೆ ಅನ್ನ, ಆಸರೆ ಬೇಕಿತ್ತು. ಲಿಥುವೇನಿಯಾದಲ್ಲಿ ಹುಟ್ಟಿದ ಯಹೂದಿ ವಾಸ್ತುಶಿಲ್ಪಿ ಹರ್ಮನ್ ಕಾಲೆನ್‌ಬಾಕ್ ಅವರು ಜೊಹಾನ್ಸ್‌ಬರ್ಗಿನಿಂದ 21 ಮೈಲಿ ದೂರದ 1,100 ಎಕರೆ ಜಮೀನನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಅದಕ್ಕೆ ಟಾಲ್‌ಸ್ಟಾಯ್ ಫಾರಂ ಎಂದು ಹೆಸರಿಟ್ಟರು. ಎರಡು ಬಾವಿ, ಒಂದು ಚಿಲುಮೆ, ಸಾವಿರದಷ್ಟು ಹಣ್ಣಿನ ಮರಗಳು ಅಲ್ಲಿದ್ದವು.

ಅಲ್ಲಿ ನೆಲೆಸಿದವರಲ್ಲಿ ಇಪ್ಪತ್ತರಿಂದ ಮೂವತ್ತು ಮಕ್ಕಳು. ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತ ಎಲ್ಲರೂ ಇದ್ದರು. ಗುಜರಾತಿ, ತಮಿಳು, ತೆಲುಗು, ಹಿಂದಿ ಎಲ್ಲ ಮಾತುಗಳೂ ಕೇಳಿಬರುತ್ತಿದ್ದವು. ಅಷ್ಟೂ ಮಕ್ಕಳಿಗೆ ತಾನು ತಂದೆಯ ಸ್ಥಾನದಲ್ಲಿದ್ದೇನೆ ಎಂದು ಗಾಂಧೀಜಿ ಭಾವಿಸಿದ್ದರು. ಇದು ಬಾಯಿಮಾತಾಗಿರಲಿಲ್ಲ. ಮಕ್ಕಳಲ್ಲಿ ಕೆಲವರು ಪುಂಡರಿದ್ದರು. ನಿಮ್ಮ ಮಕ್ಕಳು ಇವರ ಜೊತೆ ಸೇರಿ ಕೆಡುತ್ತಾರೆ ಎಂದು ಕಾಲೆನ್‌ಬಾಕ್ ಎಚ್ಚರಿಸಿದರು. ತಮ್ಮವರನ್ನು ಬೇರೆ ಇಟ್ಟರೆ ಅವರಲ್ಲಿ ತಾವು ಮೇಲು ಎಂಬ ಭಾವನೆ ಬೆಳೆಯುತ್ತದೆ ಎಂದು ಗಾಂಧೀಜಿ ಒಪ್ಪಲಿಲ್ಲ.

ಆಳುಗಳಿರಲಿಲ್ಲ. ಬೆಳಿಗ್ಗೆ ಮಕ್ಕಳೂ ದೊಡ್ಡವರೂ ಗುಂಡಿ ತೋಡುವುದು, ಮರ ಕಡಿಯುವುದು, ಹೊರೆ ಹೊರುವುದು, ಹಣ್ಣಿನ ಗಿಡಗಳ ಆರೈಕೆ ಮಾಡುವುದು. ಅಡಿಗೆ ಎಲ್ಲರಿಗೂ ಒಂದೇ. ಹಿಟ್ಟು ಕೈಬೀಸುಕಲ್ಲಿನಲ್ಲಿ ಬೀಸಿದ್ದು. ಉಂಡ ಬಟ್ಟಲನ್ನು ಅವರವರೇ ತೊಳೆಯಬೇಕು. ಕಾಲೆನ್‌ಬಾಕ್ ಅವರು ಒಂದು ಕ್ರೈಸ್ತ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು, ಗಾಂಧೀಜಿಯವರಿಂದ ಮಕ್ಕಳು ಕಲಿತರು. ಬಡಗಿ ಕೆಲಸವೂ ನಡೆಯುತ್ತಿತ್ತು. ಸ್ವಂತ ಕೆಲಸಕ್ಕೆ ಪಟ್ಟಣಕ್ಕೆ ಹೋಗುವವರು ನಡೆದೇ ಹೋಗಬೇಕು. ಬುತ್ತಿ ಕಟ್ಟಿಕೊಂಡು ರಾತ್ರಿ ಎರಡು ಗಂಟೆಗೇ ಎದ್ದು 21 ಮೈಲಿ ನಡೆಯುತ್ತಿದ್ದರು.

ಅಕ್ಷರದ ಪಾಠ ಮಧ್ಯಾಹ್ನದ ಊಟದ ನಂತರ, ಹೆಚ್ಚೆಂದರೆ ಮೂರು ತರಗತಿ. ಬೆಳಿಗ್ಗೆಯ ದುಡಿಮೆಯಿಂದ ದಣಿದ ಮಕ್ಕಳು ತೂಕಡಿಸುತ್ತಿದ್ದರು, ಕೆಲವೊಮ್ಮೆ ಗುರುಗಳಿಗೂ ಕಣ್ಣು ಎಳೆಯುತ್ತಿತ್ತು. ಕಣ್ಣಿಗೆ ನೀರು ಹಾಕಿಕೊಂಡು ಪಾಠ ಮುಂದುವರಿಸುತ್ತಿದ್ದರು. ತಮಿಳು ಮತ್ತು ಉರ್ದು ಪಾಠ ಗಾಂಧೀಜಿಯವರದೇ. ಅವರ ಉರ್ದು ಲಿಪಿಜ್ಞಾನದ ಮೇಲೂ ಮುಸ್ಲಿಂ ಗೆಳೆಯರ ಒಡನಾಟದಲ್ಲಿ ಕಲಿತ ಪದಗಳ ಮೇಲೂ ನಿಂತಿತ್ತು. ತಮ್ಮ ಬಂಡವಾಳ ಇಷ್ಟೇ ಎಂದು ಒಪ್ಪಿಕೊಳ್ಳಲು ಅವರು ನಾಚಲಿಲ್ಲ.

ಧರ್ಮದ ವಿಷಯದಲ್ಲಿ ಅವರು ತೋರಿದ ಎಚ್ಚರವನ್ನು ನಾವು ವಿಶೇಷವಾಗಿ ನೆನೆಯಬೇಕು. ಮುಸ್ಲಿಂ ಮಕ್ಕಳು ಕುರ್‌ಆನ್ ಓದುವಂತೆ, ಪಾರ್ಸಿ ಮಕ್ಕಳು ಅವೆಸ್ತಾ ಓದುವಂತೆ ನೋಡಿಕೊಂಡರು. ಒಬ್ಬ ಖೋಜಾ ಹುಡುಗನ ತಂದೆ ತಮ್ಮ ಪಂಥದ ಪುಟ್ಟ ಪುಸ್ತಕವೊಂದನ್ನು ಕಲಿಸುವ ಹೊಣೆ ಒಪ್ಪಿಸಿದಾಗ ಅದನ್ನೂ ವಹಿಸಿಕೊಂಡರು. ಮಾಂಸಾಹಾರ ರೂಢಿಯಿದ್ದ ಕುಟುಂಬಗಳಿಗೆ ಅದನ್ನು ಒದಗಿಸಲು ಸಿದ್ಧರಿದ್ದರು. ಆ ಕುಟುಂಬಗಳೇ ಒಂದೇ ಅಡಿಗೆಗೆ ಒಪ್ಪಿದವು. ರಂಜಾನ್ ತಿಂಗಳು ಬಂದಾಗ ಮುಸ್ಲಿಂ ಹುಡುಗರಿಗೆ ರೋಜಾ ಹಿಡಿಯಲು ಹುರಿದುಂಬಿಸಿದರು. ಅವರೊಬ್ಬರೇ ಹಸಿದಿರಬಾರದೆಂದು ಹಿಂದೂ, ಪಾರ್ಸಿ, ಕ್ರೈಸ್ತ ಮಕ್ಕಳೂ ಉಪವಾಸಕ್ಕೆ ಜೊತೆಯಾದರು. ಉಳಿದವರು ಸೂರ್ಯಾಸ್ತಕ್ಕೆ ಮೊದಲೇ ಉಂಡು, ಮುಸ್ಲಿಂ ಗೆಳೆಯರಿಗೆ ಇಫ್ತಾರಿಗೆ ರುಚಿಯಾದ ತಿನಿಸು ಮಾಡಿ ಬಡಿಸುತ್ತಿದ್ದರು.

ಎಲ್ಲವೂ ಸರಿಯಿತ್ತೆಂದು ಹೇಳಲಾಗದು. ಸುಳ್ಳು, ಜಗಳಕ್ಕೆ ಹೆಸರಾದ ಹದಿನೇಳು ವರ್ಷದ ಹುಡುಗನಿಗೆ ಒಮ್ಮೆ ರೂಲುಕೋಲಿನಿಂದ ಹೊಡೆದರು. ಹೊಡೆಯುವಾಗ ಅವರ ಕೈಯೇ ನಡುಗಿತು. ಹುಡುಗ ಅತ್ತು ಕ್ಷಮೆ ಕೇಳಿದ. ಗಾಂಧೀಜಿಗೆ ಮಾತ್ರ ಆ ಪಶ್ಚಾತ್ತಾಪ ಕೊನೆಯವರೆಗೂ ಉಳಿಯಿತು. ಮತ್ತೊಮ್ಮೆ ಹುಡುಗನೊಬ್ಬ ಇಬ್ಬರು ಹುಡುಗಿಯರನ್ನು ಚುಡಾಯಿಸಿದಾಗ ಆ ಹುಡುಗಿಯರ ಕೂದಲನ್ನೇ ಕತ್ತರಿಸಿದರು. ತಪ್ಪು ಒಬ್ಬರದು, ಬೆಲೆ ತೆತ್ತವರು ಇನ್ನೊಬ್ಬರು. ಇಂದು ನಮ್ಮ ಹೆಣ್ಣುಮಕ್ಕಳು ಇದನ್ನು ನ್ಯಾಯವೆಂದು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ.

ಹಿರಿಯ ಮಗನ ನೋವು

ಇಷ್ಟೆಲ್ಲ ಮಕ್ಕಳಿಗೆ ತಂದೆಯಾದವರ ಸ್ವಂತ ಮಗ ಹರಿಲಾಲ್ ಏನನ್ನು ಬಯಸಿದ್ದ? ತಂದೆಯಂತೆ ತಾನೂ ಓದಿ ಬ್ಯಾರಿಸ್ಟರ್ ಆಗಬೇಕೆಂದು ಬಯಸಿದ್ದ. ಗಾಂಧೀಜಿಯವರ ಆಪ್ತರಾದ ಡಾ. ಪ್ರಾಣಜೀವನ ಮೆಹ್ತಾ ಅವರು ಒಬ್ಬರನ್ನು ಇಂಗ್ಲೆಂಡಿಗೆ ಕಳಿಸಿ ಓದಿಸುವುದಾಗಿ ಮುಂದೆ ಬಂದರು. ಗಾಂಧೀಜಿ ತಮ್ಮ ಮಗನನ್ನು ಕಳಿಸದೆ ಬಂಧು ಛಗನಲಾಲರನ್ನು ಕಳಿಸಿದರು. ಅವರು ಅನಾರೋಗ್ಯದಿಂದ ಮರಳಿದಾಗ ಸೊರಾಬ್ಜಿ ಅಡಾಜಾನಿಯಾ ಎಂಬ ಪಾರ್ಸಿ ಯುವಕನಿಗೆ ಆ ಅವಕಾಶ ಹೋಯಿತು. ಹರಿಲಾಲ್ ಕಡಿಮೆಯವನಾಗಿರಲಿಲ್ಲ. ಸತ್ಯಾಗ್ರಹದಲ್ಲಿ ಮತ್ತೆ ಮತ್ತೆ ಜೈಲಿಗೆ ಹೋಗಿ ಛೋಟೇ ಗಾಂಧಿ ಎನಿಸಿಕೊಂಡಿದ್ದ. 1911ರಲ್ಲಿ ಓದಬೇಕೆಂಬ ಹಂಬಲದಿಂದ ತಂದೆಯನ್ನು ಬಿಟ್ಟು ಭಾರತಕ್ಕೆ ಬಂದ. ಅಹಮದಾಬಾದಿನಲ್ಲಿ ತನಗಿಂತ ಚಿಕ್ಕ ಹುಡುಗರ ಜೊತೆ ಶಾಲೆಯ ಬೆಂಚಿನಲ್ಲಿ ಕೂತ. ಮೆಟ್ರಿಕ್ ದಾಟಲಾಗಲಿಲ್ಲ. ಆಮೇಲೆ ಅವನ ಬಾಳು ದಾರಿ ತಪ್ಪಿತು.

ಬೇರೆಯವರ ಮಕ್ಕಳಿಗೆ ಸಿಗದ್ದು ತನ್ನ ಮಗನಿಗೂ ಬೇಡ ಎಂಬುದು ದೊಡ್ಡ ಮನಸ್ಸು. ಆದರೆ ತ್ಯಾಗ ಮಾಡುವ ನಿರ್ಧಾರ ತಂದೆಯದು, ಕಳೆದುಕೊಂಡಿದ್ದು ಮಗ. ಮುಂದೆ ಆತ್ಮಕಥೆ ಬರೆಯುವಾಗ ಗಾಂಧೀಜಿ ಮಕ್ಕಳ ಈ ದೂರನ್ನು ಮುಚ್ಚಿಡಲಿಲ್ಲ. ಮನೆಯ ಸಂಸ್ಕಾರ ಶಾಲೆಯಲ್ಲಿ ಸಿಗುತ್ತಿರಲಿಲ್ಲ ಎಂದು ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಂಡರು, ಅಕ್ಷರ ಕಲಿಸಲು ತಾವು ಸಾಕಷ್ಟು ಸಮಯ ಕೊಡಲಿಲ್ಲ ಎಂದೂ ಒಪ್ಪಿಕೊಂಡರು. ಉಳಿದ ಮಕ್ಕಳು ಪ್ರಮಾಣಪತ್ರವಿಲ್ಲದೆಯೂ ದಡ ಸೇರಿದರು. ಮಣಿಲಾಲ್ ದಕ್ಷಿಣ ಆಫ್ರಿಕಾದಲ್ಲಿ ಪತ್ರಿಕೆ ನಡೆಸಿದರು, ದೇವದಾಸ್ ದೆಹಲಿಯಲ್ಲಿ ಹೆಸರಾಂತ ಸಂಪಾದಕರಾದರು. ಆದರೆ ಒಂದೇ ಮನೆಯ ಪಾಠ ಎಲ್ಲ ಮಕ್ಕಳಿಗೂ ಒಗ್ಗುವುದಿಲ್ಲ ಎಂಬುದಕ್ಕೆ ಹರಿಲಾಲ್ ಸಾಕ್ಷಿಯಾಗಿ ಉಳಿದ.

ಭಾರತದಲ್ಲಿ ಬೆಳೆದ ಮನೆ

ಭಾರತಕ್ಕೆ ಮರಳಿದ ಗಾಂಧೀಜಿ 1915ರ ಮೇ 25ರಂದು ಅಹಮದಾಬಾದಿನ ಕೊಚರಬ್‌ನಲ್ಲಿ ಆಶ್ರಮ ತೆರೆದರು. ಕೆಲವೇ ತಿಂಗಳಲ್ಲಿ ದೂದಾಭಾಯಿ ಎಂಬ ದಲಿತ ಶಿಕ್ಷಕರು ಪತ್ನಿ ದಾನಿಬೆನ್ ಮತ್ತು ಪುಟ್ಟ ಮಗು ಲಕ್ಷ್ಮಿಯೊಡನೆ ಬಂದು ಸೇರಿದರು. ಬಾವಿಯ ನೀರಿಗೆ ತಕರಾರು ಎದ್ದಿತು. ಸಹಾಯಧನ ನಿಂತುಹೋಯಿತು. ಆಶ್ರಮದೊಳಗೂ ಅಸಮಾಧಾನ ಎದ್ದಿತು, ಕಸ್ತೂರಬಾ ಅವರಿಗೂ ಮೊದಲು ಇದು ಸುಲಭವಾಗಲಿಲ್ಲ. ಗಾಂಧೀಜಿ ದಲಿತರ ಕೇರಿಗೇ ಹೋಗಿ ಇರಲು ಸಿದ್ಧರಾದರು. ಆ ಹೊತ್ತಿಗೆ ಒಬ್ಬ ಶ್ರೀಮಂತರು ಕಾರಿನಲ್ಲಿ ಬಂದು 13,000 ರೂಪಾಯಿ ಕೊಟ್ಟು ಹೋದರು. ಲಕ್ಷ್ಮಿಯನ್ನು ಗಾಂಧೀಜಿ ಮುಂದೆ ತಮ್ಮ ಮಗಳೆಂದೇ ಸ್ವೀಕರಿಸಿದರು. 1918ರಲ್ಲಿ ಹರಿಲಾಲನ ಪತ್ನಿ ಚಂಚಲ್ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ತೀರಿಕೊಂಡಾಗ ತಾಯಿಯಿಲ್ಲದ ಮೊಮ್ಮಕ್ಕಳನ್ನು ಸಾಕುವ ಭಾರ ಕಸ್ತೂರಬಾ ಅವರ ಮೇಲೆ ಬಿತ್ತು. ಗಂಡ ಕರೆತಂದ ಮಕ್ಕಳಿಗೆಲ್ಲ ದಿನವೂ ಉಣಿಸಿ, ಬೇನೆ ಬಂದಾಗ ಪಕ್ಕದಲ್ಲಿ ಕೂತವರು ಆ ತಾಯಿಯೇ. 1944ರ ಫೆಬ್ರುವರಿ 22ರಂದು ಅವರು ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲೇ ಕಣ್ಣು ಮುಚ್ಚಿದರು.

ಸಾಬರಮತಿಗೆ ಸ್ಥಳಾಂತರಗೊಂಡ ಆಶ್ರಮದಲ್ಲಿ ಇಮಾಮ್ ಅಬ್ದುಲ್ ಖಾದಿರ್ ಬಾವಜೀರ್ ಅವರ ಕುಟುಂಬವೂ ಇತ್ತು. ದಕ್ಷಿಣ ಆಫ್ರಿಕಾದಿಂದಲೇ ಜೊತೆ ಬಂದ ಇವರನ್ನು ಗಾಂಧೀಜಿ ಒಡಹುಟ್ಟಿದವರಂತೆ ಕಂಡರು. ಅವರು ಇದ್ದ ಇಮಾಮ್ ಮಂಜಿಲ್ ಇಂದಿಗೂ ಆ ಸ್ನೇಹವನ್ನು ಹೇಳುತ್ತದೆ. ಮಗ ದೇವದಾಸ್ ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ ಪಾಠ ಹೇಳಿದರು.

1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಸೇರಿತು. ಕೈಕಸುಬು, ಮಾತೃಭಾಷೆ, ಅಕ್ಷರ ಮೂರನ್ನೂ ಹೆಣೆದ ನಯೀ ತಾಲೀಮ್ ಯೋಜನೆಗೆ ರೂಪ ಕೊಡುವ ಸಮಿತಿಗೆ ಜಾಮಿಯಾದ ಡಾ. ಜಾಕಿರ್ ಹುಸೇನ್ ಅಧ್ಯಕ್ಷರಾದರು. ಟಾಲ್‌ಸ್ಟಾಯ್ ಫಾರಮ್ಮಿನಲ್ಲಿ ಚಪ್ಪಲಿ ಹೊಲಿಯುತ್ತ ಶುರುವಾದ ಮನೆಪಾಠ ದೇಶದ ಶಿಕ್ಷಣದ ಚರ್ಚೆಯಾಯಿತು. ಮನೆಯಲ್ಲಿ ಕೊರತೆಯಾಗಿದ್ದ ಕ್ರಮಬದ್ಧ ಶಾಲೆ, ತರಬೇತಾದ ಶಿಕ್ಷಕರು, ಪಠ್ಯಕ್ರಮ ಎಲ್ಲವೂ ಈ ಯೋಜನೆಯಲ್ಲಿ ಇದ್ದವು.

1948ರ ಜನವರಿ 30ರಂದು ಗಾಂಧೀಜಿ ಗುಂಡಿಗೆ ಬಲಿಯಾದರು. ಅದೇ ವರ್ಷ ಜೂನ್ 18ರಂದು ಹರಿಲಾಲ್ ಮುಂಬಯಿಯಲ್ಲಿ ತೀರಿಕೊಂಡ. ತಂದೆ ಮಗ ಐದು ತಿಂಗಳೊಳಗೆ ಹೋದರು.

ನಮ್ಮ ಮನೆಗಳಲ್ಲಿ ಬಹುಪಾಲು ಸಾಕಿದ ಮಗು ಸ್ವಂತ ಮಗುವಿಗಿಂತ ಕಡಿಮೆ ಓದುತ್ತದೆ. ಗಾಂಧೀಜಿಯವರ ಮನೆಯಲ್ಲಿ ಸ್ವಂತ ಮಗನೇ ತನಗೆ ಕಡಿಮೆಯಾಯಿತೆಂದು ನೊಂದ. ಎರಡೂ ನೋವೇ. ಎಲ್ಲರನ್ನೂ ಸಮವಾಗಿ ಕಾಣುವುದೆಂದರೆ ಎಲ್ಲರಿಗೂ ಇಲ್ಲವೆನ್ನುವುದಲ್ಲ, ಎಲ್ಲರಿಗೂ ಉಂಟೆನ್ನುವುದು. ದುಡಿಮೆಯ ಗೌರವ, ತಾಯಿನುಡಿ, ಪರಧರ್ಮದ ಮಕ್ಕಳೊಡನೆ ಹಂಚಿ ಉಣ್ಣುವ ಗುಣ, ಇವನ್ನು ಮನೆ ಕಲಿಸಲಿ. ಮಾರ್ಕ್ಸ್ ಕಾರ್ಡನ್ನು ಶಾಲೆ ಕೊಡಲಿ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣದ ಹಕ್ಕು ನೀಡಿದೆ. ಅದು ಹೆತ್ತ ಮಗು, ಸಾಕಿದ ಮಗು ಎಂದು ಕೇಳುವುದಿಲ್ಲ. ಈ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನಮ್ಮ ಮನೆಯಲ್ಲಿರುವ ಮಕ್ಕಳನ್ನು ಒಮ್ಮೆ ಎಣಿಸೋಣ. ಎಷ್ಟು ತಟ್ಟೆಗಳಿವೆಯೋ ಅಷ್ಟು ಪಾಟಿಚೀಲಗಳೂ ಇವೆಯೇ ಎಂದು ನೋಡಿಕೊಳ್ಳೋಣ.