ರಣರಂಗದಲ್ಲಿ ತಂಡ ಕಟ್ಟಿದ ಸೊಲ್ಲಾಪುರದ ವೈದ್ಯ

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸೊಲ್ಲಾಪುರವೆಂದರೆ ಯಾರಿಗಾದರೂ ಮೊದಲು ನೆನಪಾಗುವುದು ಚಾದರ. ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಬರುವ ಆ ಗಡಿಯೂರು ಚೀನಾದಲ್ಲಿ ಹೆಸರಾಗಿರುವುದು ಒಬ್ಬ ಶಸ್ತ್ರವೈದ್ಯರಿಂದ. ಅವರು ಡಾ. ದ್ವಾರಕಾನಾಥ ಕೋಟ್ನಿಸ್.

1910ರ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ಜನಿಸಿದ ಕೋಟ್ನಿಸ್, ಮುಂಬೈಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿದರು. ಜಪಾನಿನ ದಾಳಿಗೆ ತುತ್ತಾದ ಚೀನಾ ನೆರವು ಕೋರಿದಾಗ, ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ 1938ರಲ್ಲಿ ಐವರು ವೈದ್ಯರನ್ನು ಕಳುಹಿಸಿತು. ಅಲಹಾಬಾದಿನ ಡಾ. ಅಟಲ್ ತಂಡದ ನಾಯಕರು. ನಾಗಪುರದ ಡಾ. ಚೋಳ್ಕರ್, ಕೋಲ್ಕತ್ತದ ಡಾ. ಬಸು ಮತ್ತು ಡಾ. ಮುಖರ್ಜಿ ಜೊತೆಗಿದ್ದರು. ಹೊರಡುವಾಗ ಕೋಟ್ನಿಸರಿಗೆ 28 ತುಂಬಿರಲಿಲ್ಲ. ತಂದೆ ತೀರಿಕೊಂಡ ಸುದ್ದಿ ಚೀನಾದಲ್ಲಿ ತಲುಪಿದರೂ ಅವರು ಮರಳಲಿಲ್ಲ.

1939ರಲ್ಲಿ ತಂಡ ಯಾನಾನ್ ಸೇರಿತು. ಕ್ರಮೇಣ ಒಬ್ಬೊಬ್ಬರಾಗಿ ಮೂವರು ಸ್ವದೇಶಕ್ಕೆ ಹಿಂದಿರುಗಿದರು. ಬಸು ಯಾನಾನ್‌ನಲ್ಲಿ ಸೇವೆ ಮುಂದುವರಿಸಿದರು. ಉತ್ತರ ಚೀನಾದ ಯುದ್ಧಭೂಮಿಯಲ್ಲಿ ಕೋಟ್ನಿಸ್ ಏಕಾಂಗಿಯಾದರು.

ಆದರೆ ಶಸ್ತ್ರಚಿಕಿತ್ಸೆ ಏಕಾಂಗಿಯ ಕೆಲಸವಲ್ಲ. ಅರಿವಳಿಕೆ ಕೊಡುವವರು, ಉಪಕರಣ ಕುದಿಸಿ ಕೈಗಿಡುವವರು, ರಕ್ತ ತಡೆಯುವವರು, ಗಾಯಾಳುವನ್ನು ಹೊತ್ತು ತರುವವರು, ಇವರಲ್ಲಿ ಒಬ್ಬರು ತಪ್ಪಿದರೂ ಪ್ರಾಣ ಹೋದೀತು. ಹೀಗಾಗಿ ಕೋಟ್ನಿಸ್ ಅಲ್ಲಿಯೇ ಹೊಸ ತಂಡ ಕಟ್ಟತೊಡಗಿದರು. ಅದಕ್ಕೆ ಮೊದಲು ಬೇಕಾದದ್ದು ಭಾಷೆ. ಚೀನೀ ಕಲಿತು, ಅದರಲ್ಲೇ ಪಾಠ ಹೇಳಿದರು.

ಈ ದಾರಿಯನ್ನು ಅಲ್ಲಿ ಮೊದಲು ತೆರೆದವರು ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್. ಗಾಯಾಳು ವೈದ್ಯನ ಬಳಿಗೆ ಬರುವವರೆಗೆ ಕಾಯದೆ ವೈದ್ಯನೇ ರಣರಂಗಕ್ಕೆ ಹೋಗಬೇಕೆಂಬುದು ಅವರ ನಿಲುವು. ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗಾದ ಗಾಯ ನಂಜೇರಿ ಅವರು 1939ರ ನವೆಂಬರ್‌ನಲ್ಲಿ ನಿಧನರಾದರು. ಅವರ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟ್ನಿಸ್ ನಿರ್ದೇಶಕರಾದರು. ಹಗಲು ಚಿಕಿತ್ಸೆ, ಬಿಡುವಿನಲ್ಲಿ ಬೋಧನೆ, ವಿದ್ಯಾರ್ಥಿಗಳಿಗಾಗಿ ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕದ ರಚನೆ. ಅದೇ ವರ್ಷ ಶುಶ್ರೂಷಾ ಶಿಕ್ಷಕಿ ಗುವೊ ಚಿಂಗ್ಲಾನ್ ಅವರನ್ನು ವಿವಾಹವಾದರು.

ದುಡಿಮೆಗೆ ದೇಹ ಸೋತಿತು. ಅಪಸ್ಮಾರ ಉಲ್ಬಣಿಸಿ 1942ರ ಡಿಸೆಂಬರ್ 9ರಂದು ಕೊನೆಯುಸಿರೆಳೆದಾಗ ಅವರಿಗೆ 32 ವರ್ಷ. ಮಗ ಯಿನ್ಹುವಾನಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಪಠ್ಯಪುಸ್ತಕ ಅರ್ಧಕ್ಕೆ ನಿಂತಿತು.

1946ರಲ್ಲಿ ವಿ. ಶಾಂತಾರಾಮ್ ಅವರ ಚಿತ್ರ ಈ ಬದುಕನ್ನು ಭಾರತದ ಮನೆಮಾತಾಗಿಸಿತು. ತೆರೆಗೆ ಒಬ್ಬ ನಾಯಕ ಸಾಕು. ರಣರಂಗದ ಆಸ್ಪತ್ರೆಗೆ ಸಾಲದು. ಕೋಟ್ನಿಸ್ ಇದನ್ನರಿತಿದ್ದರು. ಅವರು ಮಡಿದ ಮರುದಿನವೂ ಗಾಯಾಳುಗಳು ಬರುವವರಿದ್ದರು. ಚಾಕು ಹಿಡಿಯಲು ಅವರೇ ಪಳಗಿಸಿದ ಕೈಗಳಿದ್ದವು.