ಕರ್ನಲ್ ಮೆಕೆಂಜಿಯ ಗ್ರಂಥಭಂಡಾರ

ದಕ್ಷಿಣ ಭಾರತದ ಇತಿಹಾಸವನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳು 'ಮೆಕೆಂಜಿ ಸಂಗ್ರಹ' ಎಂಬ ಹೆಸರನ್ನು ಯಾವುದಾದರೊಂದು ಅಡಿಟಿಪ್ಪಣಿಯಲ್ಲಿ ಕಂಡೇ ಇರುತ್ತಾರೆ. ಪಾಳೆಯಗಾರರ ವಂಶಾವಳಿಯಾಗಲಿ, ಹಾಳುಬಿದ್ದ ಬಸದಿಯ ಸ್ಥಳಪುರಾಣವಾಗಲಿ, ಹುಡುಕುತ್ತ ಹೋದರೆ ಕಡೆಗೆ ಆ ಹೆಸರಿನ ಬಳಿಗೇ ಬಂದು ನಿಲ್ಲಬೇಕಾಗುತ್ತದೆ. ಅಡಿಟಿಪ್ಪಣಿಯಲ್ಲಿರುವ ಮನುಷ್ಯನ ಜೀವನಚರಿತ್ರೆಯನ್ನು ಓದುವವರು ಮಾತ್ರ ವಿರಳ. ನಾನು ಅದನ್ನು ಓದಿದ್ದು ಎಚ್. ಎಚ್. ವಿಲ್ಸನ್ ಎಂಬ ವಿದ್ವಾಂಸನು ಈ ಸಂಗ್ರಹಕ್ಕೆ ಸಿದ್ಧಪಡಿಸಿದ ವಿವರಣಾತ್ಮಕ ಗ್ರಂಥಸೂಚಿಯನ್ನು ತಿರುವಿಹಾಕಿದ ಮೇಲೆ. ಸಾವಿರಾರು ಹಸ್ತಪ್ರತಿಗಳನ್ನು ಕೂಡಿಸಿದ ಈ ಪುರುಷನಿಗೆ ಅವುಗಳಲ್ಲಿ ಒಂದು ಸಾಲನ್ನೂ ಓದಲು ಬರುತ್ತಿರಲಿಲ್ಲವೆಂಬ ಸಂಗತಿ ಆಗ ತಿಳಿಯಿತು. ಈ ಲೇಖನವನ್ನು ಬರೆಯಲು ಅದೇ ಪ್ರೇರಣೆ.

ಕಾಲಿನ್ ಮೆಕೆಂಜಿಯು ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರಿನಲ್ಲಿ. ತಂದೆ ವರ್ತಕ. ಮಗನು ತರುಣನಾಗಿದ್ದಾಗ ಅಲ್ಲಿಯೇ ಸುಂಕದ ಕಟ್ಟೆಯಲ್ಲಿ ಅಧಿಕಾರಿಯಾಗಿದ್ದನು. ಆತನಿಗೆ ಗಣಿತದಲ್ಲಿ ಆಸಕ್ತಿ ಹೆಚ್ಚು. ಲಾಗರಿತಮನ್ನು ಕಂಡುಹಿಡಿದ ಜಾನ್ ನೇಪಿಯರನ ವಂಶಸ್ಥನಾದ ಲಾರ್ಡ್ ನೇಪಿಯರನು ತನ್ನ ಪೂರ್ವಜನ ಚರಿತ್ರೆಯನ್ನು ಬರೆಯಲು ಹೊರಟಾಗ, ಹಿಂದೂಗಳ ಗಣಿತದ ವಿಷಯವನ್ನು ಸಂಗ್ರಹಿಸುವ ಕೆಲಸದಲ್ಲಿ ಮೆಕೆಂಜಿಯು ನೆರವಾದನು. ಭಾರತದ ಕಡೆಗೆ ಆತನ ಮನಸ್ಸು ತಿರುಗಿದ್ದು ಹೀಗೆ. 1783ರಲ್ಲಿ ಮದರಾಸಿಗೆ ಬಂದಿಳಿದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ, ಬೇಗನೆ ಇಂಜಿನಿಯರುಗಳ ದಳಕ್ಕೆ ವರ್ಗವಾದನು. ಮತ್ತೆ ಸ್ವದೇಶವನ್ನು ಆತ ನೋಡಲೇ ಇಲ್ಲ.

ಮೊದಲ ಹದಿಮೂರು ವರ್ಷಗಳು ಯುದ್ಧ, ರಸ್ತೆ, ಕೋಟೆ, ನಕ್ಷೆಗಳಲ್ಲಿಯೇ ಕಳೆದವು. ಆ ಕಾಲದಲ್ಲಿ ತಾನು ಗ್ರಂಥಸಂಗ್ರಹಕ್ಕೆಂದು ಏನನ್ನೂ ಮಾಡಲಾಗಲಿಲ್ಲವೆಂದು ಆತನೇ 1817ರಲ್ಲಿ ತನ್ನ ಸ್ನೇಹಿತ ಅಲೆಕ್ಸಾಂಡರ್ ಜಾನ್‌ಸ್ಟನ್ನನಿಗೆ ಬರೆದ ದೀರ್ಘ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಸಿಪಾಯಿಗೆ ಬಿಡುವಿಲ್ಲ, ದೇಶಭಾಷೆಗಳ ಪರಿಚಯವಿಲ್ಲ. ಇನ್ನು ಓಲೆಗರಿಯನ್ನು ಕೈಗೆತ್ತಿಕೊಂಡು ಮಾಡುವುದಾದರೂ ಏನು?

1796ರಲ್ಲಿ ಕಾವಲಿ ವೆಂಕಟ ಬೋರಯ್ಯನೆಂಬ ಯುವಕನು ಆತನ ಬಳಿ ಕೆಲಸಕ್ಕೆ ಸೇರಿದನು. ಈತನು ಏಲೂರಿನ ಕಡೆಯ ತೆಲುಗು ಬ್ರಾಹ್ಮಣ. ವಯಸ್ಸು ಇಪ್ಪತ್ತರ ಆಸುಪಾಸು. ಸಂಸ್ಕೃತ, ತೆಲುಗು, ಇಂಗ್ಲಿಷ್ ಮೊದಲಾದ ಹಲವು ಭಾಷೆಗಳು ಬಲ್ಲವನು. ಹೋದ ಊರಿನಲ್ಲಿ ಪಂಡಿತರೊಡನೆ ಕುಳಿತು ಮಾತನಾಡಿ ಅವರ ವಿಶ್ವಾಸವನ್ನು ಸಂಪಾದಿಸುವ ಗುಣ ಈತನಲ್ಲಿತ್ತು. ಭಾರತೀಯ ವಿದ್ಯೆಯ ಬಾಗಿಲನ್ನು ತನಗೆ ಮೊದಲು ತೆರೆದುಕೊಟ್ಟವನು ಬೋರಯ್ಯನೇ ಎಂದು ಮೆಕೆಂಜಿಯು ಅದೇ ಪತ್ರದಲ್ಲಿ ಮನಬಿಚ್ಚಿ ಒಪ್ಪಿಕೊಂಡಿದ್ದಾನೆ. ಅಂದಿನ ಕಂಪನಿಯ ಅಧಿಕಾರಿಗಳಲ್ಲಿ ಇಂಥ ಮಾತನ್ನು ಆಡಿದವರು ಹೆಚ್ಚು ಮಂದಿಯಿಲ್ಲ. ಇದಕ್ಕಾಗಿ ನನಗೆ ಆತನಲ್ಲಿ ಗೌರವವುಂಟು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಮುತ್ತಿಗೆಯಲ್ಲಿ ಮೆಕೆಂಜಿಯೂ ಇಂಜಿನಿಯರನಾಗಿ ಇದ್ದನು. ಇಲ್ಲಿ ಒಂದು ಹೋಲಿಕೆಯನ್ನು ಮಾಡದೆ ಮುಂದೆ ಹೋಗಲು ಮನಸ್ಸು ಬಾರದು. ಟಿಪ್ಪು ಸುಲ್ತಾನನ ಅರಮನೆಯಲ್ಲಿ ಸುಮಾರು ಎರಡು ಸಾವಿರ ಸಂಪುಟಗಳ ಪುಸ್ತಕಭಂಡಾರವಿತ್ತು. ಬಹುಮಟ್ಟಿಗೆ ಪಾರಸಿ ಮತ್ತು ಅರಬ್ಬಿ ಗ್ರಂಥಗಳು. ಅದು ವಿಜಯಿಗಳ ಕೈಸೇರಿತು. ಹತ್ತು ವರ್ಷಗಳೊಳಗಾಗಿ, 1809ರಲ್ಲಿ, ಚಾರ್ಲ್ಸ್ ಸ್ಟುವರ್ಟನು ಅದಕ್ಕೊಂದು ವಿವರಣಾತ್ಮಕ ಸೂಚಿಯನ್ನು ಬರೆದು ಕೇಂಬ್ರಿಜ್‌ನಲ್ಲಿ ಅಚ್ಚುಹಾಕಿಸಿದನು. ಪಾರಸಿಯು ಆಗ ರಾಜ್ಯಭಾರದ ಭಾಷೆ. ಅದನ್ನು ಬಲ್ಲ ಇಂಗ್ಲಿಷರಿಗೆ ಕೊರತೆಯಿರಲಿಲ್ಲ. ಅದೇ ನಾಡಿನ ಹಳ್ಳಿಹಳ್ಳಿಯ ಮನೆಗಳಲ್ಲಿ, ಮಠಗಳಲ್ಲಿ, ಬಸದಿಗಳಲ್ಲಿ ಹೊಗೆ ಹಿಡಿದು ಗೆದ್ದಲು ತಿನ್ನುತ್ತಿದ್ದ ಕನ್ನಡದ ಓಲೆಗಳನ್ನು ಕೇಳುವವರೇ ಇರಲಿಲ್ಲ.

ಮೈಸೂರು ದೇಶದ ಮೋಜಣಿಯನ್ನು ಕಂಪನಿಯು ಮೆಕೆಂಜಿಗೆ ವಹಿಸಿತು. ಸುಮಾರು ನಲವತ್ತು ಸಾವಿರ ಚದರ ಮೈಲಿಗಳ ಈ ಕೆಲಸವು 1810ರ ಹೊತ್ತಿನವರೆಗೆ ನಡೆಯಿತು. ಸಂಬಳಕ್ಕೂ ಖರ್ಚಿಗೂ ಕಂಪನಿಯು ಕೈ ಬಿಗಿಹಿಡಿದದ್ದರಿಂದ ಗ್ರಂಥಸಂಗ್ರಹದ ವೆಚ್ಚದಲ್ಲಿ ದೊಡ್ಡ ಪಾಲನ್ನು ಆತ ಸ್ವಂತ ಜೇಬಿನಿಂದಲೇ ಕೊಟ್ಟನು. ಸರಪಳಿ ಹಿಡಿದು ನೆಲವನ್ನು ಅಳೆಯುವವರು ಒಂದು ಕಡೆ; ಓಲೆ, ಕಡತ, ತಾಮ್ರಶಾಸನಗಳನ್ನು ಹುಡುಕುವವರು ಇನ್ನೊಂದು ಕಡೆ. ಈ ಎರಡನೆಯ ಗುಂಪಿನವರೆಲ್ಲರೂ ನಮ್ಮವರೇ. ಅವರು ಊರಿಗೆ ಹೋಗಿ ಶಾನುಭೋಗರನ್ನೂ ಗೌಡರನ್ನೂ ಅರ್ಚಕರನ್ನೂ ಕಂಡು, ಊರಿನ ಹೆಸರು ಬಂದ ಬಗೆ, ಕೆರೆ ಕಟ್ಟಿಸಿದವರು, ಆಳಿದ ಪಾಳೆಯಗಾರರು, ದೇವಸ್ಥಾನದ ಮಾನ್ಯಗಳು ಎಂದು ಒಂದೊಂದಾಗಿ ಕೇಳಿ ಬರೆಸಿಕೊಳ್ಳುತ್ತಿದ್ದರು. ಇವೇ ಕೈಫಿಯತ್ತುಗಳು.

ಈ ಕೆಲಸವನ್ನು ನಾವು ಸುಲಭವೆಂದು ತಿಳಿಯಬಾರದು. ರಾಜ್ಯವು ಕೈಬದಲಾಯಿಸಿದ ಹೊಸತು. ಕುಂಪಣಿಯವರ ಕಡೆಯವರು ಬಂದು ದಾನಪತ್ರವನ್ನು ತೋರಿಸಿರಿ ಎಂದರೆ ಅಗ್ರಹಾರದವರ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಇನಾಮು ಜಮೀನನ್ನು ಕಿತ್ತುಕೊಳ್ಳುವುದಕ್ಕೋ ಕಂದಾಯವನ್ನು ಏರಿಸುವುದಕ್ಕೋ ಇದು ಹೂಟವೆಂದು ಅನೇಕರು ಶಂಕಿಸಿ ಓಲೆಗಳನ್ನು ಅಡಗಿಸಿಟ್ಟರು. ಮತ್ತೆ ಕೆಲವರು ತಮ್ಮ ಹಕ್ಕನ್ನು ಸ್ಥಾಪಿಸುವುದಕ್ಕೆ ಇದೇ ಸಮಯವೆಂದು ವಂಶಾವಳಿಯನ್ನು ಉದ್ದಮಾಡಿ ಹೇಳಿದರು. ಆದುದರಿಂದ ಕೈಫಿಯತ್ತಿನಲ್ಲಿರುವುದೆಲ್ಲ ಚರಿತ್ರೆಯೆಂದು ನಂಬಲಾಗದು. ಹೇಳಿದವನು ಯಾರು, ಯಾವ ಉದ್ದೇಶದಿಂದ ಹೇಳಿದನು ಎಂಬುದನ್ನು ಬಲ್ಲವನು ಎದುರಿಗೆ ಕುಳಿತು ಬರೆದುಕೊಂಡ ಸಹಾಯಕನೊಬ್ಬನೇ. ಓಲೆಯ ಜೊತೆಗೆ ಆ ತಿಳಿವಳಿಕೆಯೂ ಉಳಿಯಬೇಕಾಗಿತ್ತು.

ಬೋರಯ್ಯನು 1803ರಲ್ಲಿ, ಮೂವತ್ತು ತುಂಬುವ ಮೊದಲೇ, ತೀರಿಕೊಂಡನು. ಹಳೆಗನ್ನಡದ ಶಾಸನಗಳ ಅಕ್ಷರಗಳನ್ನು ಓದಲು ದಾರಿಮಾಡಿದವರಲ್ಲಿ ಈತನೂ ಒಬ್ಬ. ಜೈನರ ಮತಾಚಾರಗಳನ್ನು ಕುರಿತು ಈತನು ಮಾಡಿದ ಅನುವಾದವೊಂದು ಮರಣಾನಂತರ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಯಿತು. ಆತನ ಸ್ಥಾನಕ್ಕೆ ತಮ್ಮನಾದ ಲಕ್ಷ್ಮಯ್ಯನು ಬಂದನು. ಚಾಮರಾಜನಗರದ ಸೀಮೆಯ ಮಲೆಯೂರಿನ ಧರ್ಮಯ್ಯನೆಂಬ ಜೈನ ಪಂಡಿತನು ಹಳೆಗನ್ನಡದ ಓಲೆಗಳನ್ನೂ ಶಾಸನಗಳನ್ನೂ ಓದಿ ಅರ್ಥ ಹೇಳುತ್ತಿದ್ದನು. ಅದೇ ಮಲೆಯೂರಿಗೆ, ಎಂದರೆ ಕನಕಗಿರಿಗೆ, 1804ರಲ್ಲಿ ಮೆಕೆಂಜಿಯು ಬಂದು ಸ್ಥಳದ ಪೂರ್ವಕಥೆಯನ್ನು ಬಲ್ಲವರು ಯಾರೆಂದು ವಿಚಾರಿಸಿದಾಗ ಮುಂದೆ ಬಂದವನು ದೇವಚಂದ್ರ. ಸಾಹೇಬನಿಗಾಗಿ ಕಥೆಗಳನ್ನು ಕೂಡಿಸಲು ಆರಂಭಿಸಿದ ಈ ಕವಿಯು ಮೂರು ದಶಕಗಳ ಮೇಲೆ, 1838ರಲ್ಲಿ, ಮೈಸೂರು ಅರಮನೆಯ ದೇವೀರಮ್ಮಣ್ಣಿಯವರ ಅಪೇಕ್ಷೆಯಂತೆ 'ರಾಜಾವಳಿ ಕಥೆ'ಯನ್ನು ಮುಗಿಸಿದನು. ಕನ್ನಡ ಕವಿಗಳ ಕಾಲನಿರ್ಣಯ ಮಾಡಹೊರಟವರೆಲ್ಲ ನಂಬಿಯೋ ನಂಬದೆಯೋ ಆ ಗ್ರಂಥವನ್ನು ತೆರೆಯಲೇಬೇಕಾಯಿತು. ಪರದೇಶದವನ ಒಂದು ಪ್ರಶ್ನೆಯಿಂದ ನಮಗೆ ಒಂದು ಕನ್ನಡ ಗ್ರಂಥವೇ ಲಭಿಸಿತು!

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. ಮೆಕೆಂಜಿಯು 1811ರಿಂದ 1813ರವರೆಗೆ ಜಾವಾ ದ್ವೀಪದಲ್ಲಿದ್ದು ಅಲ್ಲಿಯೂ ಹಸ್ತಪ್ರತಿಗಳನ್ನು ಕೂಡಿಸಿದನು, ಅಲ್ಲಿಯೇ ಮದುವೆಯಾದನು. 1815ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಆಗಿ ನೇಮಕಗೊಂಡನು. 1816ರಲ್ಲಿ ಥಾಮಸ್ ಹಿಕಿಯೆಂಬ ಚಿತ್ರಕಾರನು ಬರೆದ ಆತನ ಭಾವಚಿತ್ರವು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಸಮವಸ್ತ್ರದ ಕರ್ನಲ್ಲನ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ. ಒಬ್ಬನ ಕೈಯಲ್ಲಿ ದೂರದರ್ಶಕ, ಇನ್ನೊಬ್ಬನ ಕೈಯಲ್ಲಿ ಓಲೆಗರಿ. ಹಿಂದೆ ಗುಡ್ಡದ ಮೇಲೆ ಕಾರ್ಕಳದ ಗೊಮ್ಮಟ. ತನ್ನ ಚಿತ್ರದಲ್ಲಿ ಸಹಾಯಕರಿಗೂ ಸ್ಥಳ ಕೊಟ್ಟದ್ದು ಮೆಕೆಂಜಿಯ ಸ್ವಭಾವಕ್ಕೆ ತಕ್ಕುದೇ ಆಗಿತ್ತು.

ಮರುವರ್ಷ ಆತ ಲಕ್ಷ್ಮಯ್ಯನೇ ಮೊದಲಾದವರನ್ನು ಕರೆದುಕೊಂಡು ಕಲ್ಕತ್ತೆಗೆ ಹೋದನು. ಕೂಡಿಸಿದ್ದೆಲ್ಲವನ್ನೂ ವಿಂಗಡಿಸಿ, ಪ್ರತಿಯೊಂದು ಗ್ರಂಥದ ವಿಷಯವನ್ನು ವಿವರಿಸುವ ಸೂಚಿಯೊಂದನ್ನು ಸಿದ್ಧಪಡಿಸಬೇಕೆಂಬುದು ಆತನ ಹಂಬಲ. ಕಚೇರಿಯ ಹೊರೆ ಅದಕ್ಕೆ ಅವಕಾಶ ಕೊಡಲಿಲ್ಲ; ಆರೋಗ್ಯವೂ ಕೆಟ್ಟಿತು. 1821ರ ಮೇ 8ರಂದು ಆತನು ಮರಣಹೊಂದಿದನು. ಸೂಚಿಯ ಕೆಲಸವು ಅಪೂರ್ಣವಾಗಿಯೇ ಉಳಿಯಿತು.

ಸರ್ಕಾರವು ಆತನ ವಿಧವೆಗೆ ಒಂದು ಲಕ್ಷ ರೂಪಾಯಿಗಳನ್ನು ಕೊಟ್ಟು ಸಂಗ್ರಹವನ್ನು ಕೊಂಡುಕೊಂಡಿತು. ಲೆಕ್ಕ ಹಾಕಿದಾಗ ಸಿಕ್ಕಿದ ಸಂಖ್ಯೆಗಳು ಬೆರಗುಗೊಳಿಸುವಂಥವು: ಗ್ರಂಥಗಳ ಹಸ್ತಪ್ರತಿಗಳು 1,568, ಸ್ಥಳೀಯ ವೃತ್ತಾಂತಗಳು 2,070, ಶಾಸನಗಳ ನಕಲುಗಳು 8,076, ಅನುವಾದಗಳು 2,159, ಚಿತ್ರಗಳು 2,630, ನಾಣ್ಯಗಳು 6,218. ಇವುಗಳನ್ನು ವರ್ಣಿಸುವ ಕಾರ್ಯವನ್ನು ವಿಲ್ಸನ್ನನು ತಾನಾಗಿ ವಹಿಸಿಕೊಂಡನು. ಆತನು ಸಂಸ್ಕೃತದಲ್ಲಿ ದೊಡ್ಡ ಪಂಡಿತ. ಆದರೆ ಕನ್ನಡ, ತೆಲುಗು, ತಮಿಳುಗಳನ್ನು ಅರಿಯನು. ಆದುದರಿಂದ ಲಕ್ಷ್ಮಯ್ಯನೂ ಇತರ ಪಂಡಿತರೂ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಸಾರಾಂಶಗಳನ್ನೇ ಆಧಾರವಾಗಿಟ್ಟುಕೊಂಡು 1828ರಲ್ಲಿ ಎರಡು ಸಂಪುಟಗಳನ್ನು ಪ್ರಕಟಿಸಿದನು. ಗ್ರಂಥದ ಹೆಸರು, ಓಲೆಯೋ ಕಾಗದವೋ, ಯಾವ ಲಿಪಿ, ಸಮಗ್ರವೋ ಅಸಮಗ್ರವೋ ಎಂದು ಒಂದು ಸಾಲು. ಅದರ ಕೆಳಗೆ ಕಥಾಸಾರ. ಶ್ರಮದ ಕೆಲಸವೇ ಸರಿ, ಅದನ್ನು ಅಲ್ಲಗಳೆಯಲಾರೆ. ಆದರೆ ಹಳೆಗನ್ನಡದ ಕಾವ್ಯಗಳ ಭಾಗಕ್ಕೆ ಬಂದಾಗ ನನಗೆ ಅತೃಪ್ತಿಯಾಯಿತು. ಕಾವ್ಯವನ್ನು ಓದಿದವನ ಮಾತು ಒಂದು ಬಗೆ; ಓದಿದವನಿಂದ ಕೇಳಿ ಬರೆದವನ ಮಾತು ಇನ್ನೊಂದು ಬಗೆ. ಹಸಿದವನಿಗೆ ಅಡಿಗೆಯ ಪಟ್ಟಿಯನ್ನು ಓದಿದ ಹಾಗಾಗುತ್ತದೆ.

ಅಷ್ಟರಲ್ಲಿ ಸಂಗ್ರಹವು ಒಡೆದುಹೋಯಿತು. ಪಾರಸಿ, ಅರಬ್ಬಿ, ಜಾವಾ ಭಾಷೆಯ ಗ್ರಂಥಗಳೂ ಚಿತ್ರಗಳೂ ನಾಣ್ಯಗಳೂ ಲಂಡನ್ನಿಗೆ ಹೋದವು. ದೇಶಭಾಷೆಯ ಓಲೆಗಳೂ ಕಡತಗಳೂ ಮದರಾಸಿಗೆ ಮರಳಿದವು. ಅಲ್ಲಿ ಅವು ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಸಾಗುತ್ತ ಹುಳುಗಳಿಗೆ ಆಹಾರವಾಗತೊಡಗಿದವು.

ಲಕ್ಷ್ಮಯ್ಯನು ಸುಮ್ಮನೆ ಕುಳಿತಿರಲಿಲ್ಲ. ತನ್ನ ಯಜಮಾನನು ಬಿಟ್ಟುಹೋದ ಕೆಲಸವನ್ನು ಮುಂದುವರಿಸಲು ಅನುಮತಿಯನ್ನು ಕೋರಿ ಆತನು ಅರ್ಜಿಯನ್ನು ಸಲ್ಲಿಸಿದನು. ವಿಷಯವು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಮುಂದೆ ಬಂದಿತು. ಆಗ ಕಾರ್ಯದರ್ಶಿಯಾಗಿದ್ದವನು ಜೇಮ್ಸ್ ಪ್ರಿನ್ಸೆಪ್, ಅಶೋಕನ ಬ್ರಾಹ್ಮೀ ಲಿಪಿಯನ್ನು ಓದಿ ಕೀರ್ತಿಶಾಲಿಯಾದ ಮಹಾನುಭಾವ. ಇಂಥ ಗುರುತರ ಕಾರ್ಯಕ್ಕೆ ಲಕ್ಷ್ಮಯ್ಯನಾಗಲಿ, ಅಷ್ಟೇಕೆ, ಯಾವ ಭಾರತೀಯನೇ ಆಗಲಿ ಸಾಲನೆಂಬ ಅಭಿಪ್ರಾಯವು 1836ರಲ್ಲಿ ಹೊರಬಿದ್ದಿತು. ಈ ಸಂಗತಿಯನ್ನು ಓದಿದಾಗ ನನಗಾದ ಖೇದವನ್ನು ಮುಚ್ಚಿಡಲಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಆ ಕಟ್ಟುಗಳನ್ನು ಬಿಚ್ಚಿ ಕಟ್ಟಿದ ಕೈ ಅದು. ಯಾವ ಕಡತವು ಯಾವ ಊರಿನದು, ಯಾರಿಂದ ಬಂದಿತು ಎಂಬುದನ್ನು ಆತನಷ್ಟು ಬಲ್ಲವರು ಜೀವಂತರಾಗಿ ಇನ್ನಾರೂ ಇರಲಿಲ್ಲ. ಸರ್ಕಾರವು ಓಲೆಗಳಿಗೆ ಲಕ್ಷ ರೂಪಾಯಿಗಳನ್ನು ಕೊಟ್ಟಿತು. ಓಲೆಗಳನ್ನು ಬಲ್ಲವನನ್ನು ಬಾಗಿಲಿನಿಂದ ಕಳುಹಿಸಿತು. ಕೆಲಸವು ವಿಲಿಯಂ ಟೇಲರ್ ಎಂಬ ಮದರಾಸಿನ ಪಾದ್ರಿಗೆ ಹೋಯಿತು. ನ್ಯಾಯವಾಗಿ ಹೇಳಬೇಕೆಂದರೆ, ಹುಳು ತಿಂದು ಮಸಿ ಮಾಸುತ್ತಿದ್ದ ಕಡತಗಳನ್ನು ಟೇಲರನು ಮರುನಕಲು ಮಾಡಿಸದಿದ್ದರೆ ಇಂದು ಅವುಗಳಲ್ಲಿ ಎಷ್ಟೋ ನಮಗೆ ಇಲ್ಲವಾಗುತ್ತಿದ್ದವು. ಸಿ. ಪಿ. ಬ್ರೌನನೂ ತೆಲುಗು ಕೈಫಿಯತ್ತುಗಳಿಗೆ ಇದೇ ಉಪಕಾರವನ್ನು ಮಾಡಿದನು.

ಕಾವಲಿ ಸೋದರರಲ್ಲಿ ಇನ್ನೊಬ್ಬನಾದ ರಾಮಸ್ವಾಮಿಯು ಯಾರ ಅನುಮತಿಗೂ ಕಾಯಲಿಲ್ಲ. 1829ರಲ್ಲಿಯೇ, ವಿಲ್ಸನ್ನನ ಸೂಚಿ ಹೊರಬಂದ ಮರುವರ್ಷ, ದಕ್ಷಿಣದೇಶದ ಕವಿಗಳ ಚರಿತ್ರೆಗಳನ್ನು ಇಂಗ್ಲಿಷಿನಲ್ಲಿ ಬರೆದು ಕಲ್ಕತ್ತೆಯಲ್ಲಿ ತನ್ನ ಹೆಸರಿನಲ್ಲಿಯೇ ಅಚ್ಚುಹಾಕಿಸಿದನು. ಅದರಲ್ಲಿ ದಂತಕಥೆಗಳು ಬಹಳ. ಆದರೂ ನಮ್ಮ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟವು 1907ರಲ್ಲಿ ಬರುವುದಕ್ಕೆ ಎಂಟು ದಶಕಗಳ ಹಿಂದೆ ಒಬ್ಬ ಭಾರತೀಯನು ಇಂಥ ಪ್ರಯತ್ನವನ್ನು ಕೈಕೊಂಡದ್ದು ಸಣ್ಣ ವಿಷಯವಲ್ಲ.

ಮದರಾಸಿನ ಓಲೆಗಳು ಕಡೆಗೆ ಅಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರವನ್ನು ಸೇರಿದವು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 'ಕರ್ನಾಟಕದ ಕೈಫಿಯತ್ತುಗಳು' ಎಂಬ ಹೆಸರಿನಿಂದ ಪ್ರಕಟಿಸಿದೆ. ಶಾನುಭೋಗನು ಹೇಳಿದ ಮಾತುಗಳು ಇಂಗ್ಲಿಷ್ ಸಾರಾಂಶದ ಹಂಗಿಲ್ಲದೆ, ಆತನಾಡಿದ ಕನ್ನಡದಲ್ಲಿಯೇ, ಅದರಲ್ಲಿ ಓದಲು ಸಿಕ್ಕುತ್ತವೆ.