ಉದ್ದ ಸರದ ವಿಜ್ಞಾನಿ ಹರ್ಮನ್ ಸ್ಟೌಡಿಂಗರ್

ಈ ಸಲ ಜರ್ಮನಿ ದೇಶದ ವಿಜ್ಞಾನಿ ಹರ್ಮನ್ ಸ್ಟೌಡಿಂಗರ್ ಅವರ ಜೀವನ ಚರಿತ್ರೆ ಬರೆದಿದ್ದೇನೆ. ನೀವೆಲ್ಲಾ ಥರ್ಮಾಕೋಲ್ ನೋಡಿದ್ದೀರಿ. ವಿಜ್ಞಾನದ ಮಾದರಿ ಮಾಡೋಕೆ ಅದನ್ನೇ ಕತ್ತರಿಸುತ್ತೇವೆ. ಅದು ಸ್ಟೈರೀನ್ ಎಂಬ ದ್ರವದಿಂದ ಆಗುತ್ತದೆ. ನೀರಿನಂತೆ ಹರಿಯುವ ದ್ರವ ಗಟ್ಟಿಯಾಗೋದು ಹೇಗೆ? ಇದಕ್ಕೆ ಸರಿಯಾದ ಉತ್ತರ ಕೊಟ್ಟವರು ಸ್ಟೌಡಿಂಗರ್. ಆದರೆ ಅವರು ಹೇಳಿದಾಗ ದೊಡ್ಡ ದೊಡ್ಡ ವಿಜ್ಞಾನಿಗಳೇ ನಂಬಲಿಲ್ಲ.

ಇವರು 1881ನೇ ಇಸವಿ ಮಾರ್ಚ್ 23ರಂದು ವರ್ಮ್ಸ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಫ್ರಾನ್ಜ್ ಸ್ಟೌಡಿಂಗರ್ ತತ್ವಶಾಸ್ತ್ರ ಬಲ್ಲವರು. ಹುಡುಗನಿಗೆ ಗಿಡಮರಗಳೆಂದರೆ ಬಹಳ ಆಸೆ, ಸಸ್ಯಶಾಸ್ತ್ರ ಓದಬೇಕೆಂದಿದ್ದ. ಗಿಡಗಳನ್ನು ಚೆನ್ನಾಗಿ ತಿಳಿಯಬೇಕಾದರೆ ಮೊದಲು ರಸಾಯನಶಾಸ್ತ್ರ ಕಲಿಯಲಿ ಎಂದು ಮನೆಯವರಿಗೆ ಸಲಹೆ ಸಿಕ್ಕಿತು. ಹಾಗೆ ಕಲಿಯಲು ಹೋದವರು ಅದರಲ್ಲೇ ನಿಂತುಬಿಟ್ಟರು. 1903ರಲ್ಲಿ ಹಾಲೆ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. 1912ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಕ್ಕೆ ಪ್ರೊಫೆಸರ್ ಆಗಿ ಹೋದರು. ಮೊದಲನೇ ಮಹಾಯುದ್ಧದಲ್ಲಿ ಜರ್ಮನಿ ವಿಷಾನಿಲ ಬಳಸಿದ್ದು ತಪ್ಪು ಅಂತ ಧೈರ್ಯವಾಗಿ ಹೇಳಿದರು. ಅದರಿಂದ ಸ್ವದೇಶದ ಕೆಲವರಿಗೆ ಇವರ ಮೇಲೆ ಸಿಟ್ಟು ಬಂತು.

ಈಗ ಸ್ಟೈರೀನ್ ಕಥೆ. 1839ರಲ್ಲಿ ಬರ್ಲಿನ್ ನಗರದ ಔಷಧಿ ವ್ಯಾಪಾರಿ ಎಡ್ವರ್ಡ್ ಸಿಮೋನ್ ಎಂಬುವರು ಸ್ಟೋರ್ಯಾಕ್ಸ್ ಎಂಬ ಮರದ ಅಂಟನ್ನು ಭಟ್ಟಿ ಇಳಿಸಿದರು. ತಿಳಿಯಾದ ಎಣ್ಣೆಯಂಥ ದ್ರವ ಬಂತು. ಕೆಲವು ತಿಂಗಳು ಇಟ್ಟ ಮೇಲೆ ನೋಡಿದರೆ ಅದು ಲೋಳೆಯಂತೆ ಗಟ್ಟಿಯಾಗಿತ್ತು! ಗಾಳಿಯ ಆಮ್ಲಜನಕ ಸೇರಿ ಹೀಗಾಯ್ತು ಅಂತ ಅವರು ತಿಳಿದರು. 1845ರಲ್ಲಿ ಹಾಫ್‌ಮನ್ ಮತ್ತು ಬ್ಲೈತ್ ಪರೀಕ್ಷೆ ಮಾಡಿ, ಆಮ್ಲಜನಕ ಇಲ್ಲದೆಯೂ ಅದು ಗಟ್ಟಿಯಾಗುತ್ತೆ, ಹೊಸದಾಗಿ ಏನೂ ಸೇರುವುದಿಲ್ಲ ಎಂದು ತೋರಿಸಿದರು. ಹಾಗಾದರೆ ಒಳಗೆ ಆಗೋದೇನು? ಅದು ಬಹಳ ವರ್ಷ ಒಗಟಾಗಿಯೇ ಉಳಿಯಿತು.

1920ರಲ್ಲಿ ಸ್ಟೌಡಿಂಗರ್ ಒಂದು ಲೇಖನ ಬರೆದರು. ಸ್ಟೈರೀನಿನ ಸಣ್ಣ ಅಣುಗಳು ಒಂದರ ಕೈ ಒಂದು ಹಿಡಿದು ಸರಪಳಿಯಂತೆ ಬಿಗಿಯಾಗಿ ಜೋಡಿಸಿಕೊಳ್ಳುತ್ತವೆ, ನೂರಾರು ಸಾವಿರಾರು ಅಣು ಸೇರಿ ಒಂದೇ ದೊಡ್ಡ ಅಣು ಆಗುತ್ತದೆ, ರಬ್ಬರ್ ಕೂಡ ಹೀಗೇ ಎಂಬುದು ಅವರ ವಾದ. ಮಲ್ಲಿಗೆ ಹೂ ಒಂದೊಂದೇ ಕಟ್ಟಿದರೆ ಮಾರುದ್ದದ ಮಾಲೆ ಆಗುತ್ತಲ್ಲ, ಹಾಗೆ. ಒಂದು ಹೂವಿನಂಥ ಸಣ್ಣ ಅಣುವಿಗೆ ಮಾನೋಮರ್ ಎಂದೂ, ಇಡೀ ಮಾಲೆಗೆ ಪಾಲಿಮರ್ ಎಂದೂ ಹೆಸರು.

ಆಗಿನ ಹೆಚ್ಚಿನ ವಿಜ್ಞಾನಿಗಳು ಅಷ್ಟು ದೊಡ್ಡ ಅಣು ಇರೋಕೆ ಸಾಧ್ಯವೇ ಇಲ್ಲ ಅಂದುಬಿಟ್ಟರು. ಬೆಲ್ಲದ ಮೇಲೆ ಇರುವೆ ಮುತ್ತಿದ ಹಾಗೆ ಸಣ್ಣ ಅಣುಗಳೇ ಗುಂಪು ಕೂಡಿವೆ, ಅಷ್ಟೇ ಅಂತ ಅವರ ನಂಬಿಕೆ. 1925ರಲ್ಲಿ ಜ್ಯೂರಿಕ್‌ನಲ್ಲಿ, 1926ರಲ್ಲಿ ಡಸೆಲ್ಡಾರ್ಫ್‌ನಲ್ಲಿ ಸಭೆಗಳು ನಡೆದವು. ಎರಡರಲ್ಲೂ ಇವರ ಮಾತಿಗೆ ಬಲವಾದ ವಿರೋಧ ಬಂತು. ಹೈನ್ರಿಕ್ ವೀಲಂಡ್ ಎಂಬ ಹೆಸರಾಂತ ವಿಜ್ಞಾನಿ, ದೊಡ್ಡ ಅಣುವಿನ ಯೋಚನೆ ಬಿಟ್ಟುಬಿಡಿ, ನಿಮ್ಮ ರಬ್ಬರನ್ನು ಚೆನ್ನಾಗಿ ಶುದ್ಧ ಮಾಡಿ, ಆಗ ಅದು ಹರಳಾಗುತ್ತದೆ ಎಂಬರ್ಥದ ಬುದ್ಧಿಮಾತು ಹೇಳಿದರು. ಅಂದರೆ ನಿಮ್ಮ ವಸ್ತುವಿನಲ್ಲೇ ಕೊಳೆ ಇದೆ ಅಂತ.

ಈ ಮಾತಿಗೆ ಸ್ಟೌಡಿಂಗರ್ ಕೋಪದಿಂದ ಉತ್ತರ ಕೊಟ್ಟಿದ್ದರೆ ಪ್ರಯೋಜನವಿರಲಿಲ್ಲ. ಪ್ರಯೋಗದಿಂದಲೇ ಉತ್ತರ ಬೇಕಿತ್ತು. ಸಣ್ಣ ಅಣುಗಳನ್ನು ಗುಂಪಾಗಿ ಹಿಡಿದಿರೋದು ಒಂದು ದುರ್ಬಲ ಸೆಳೆತ ಎಂದು ವಿರೋಧಿಗಳು ಹೇಳುತ್ತಿದ್ದರು. ಇವರು 1922ರಲ್ಲೇ ರಬ್ಬರಿಗೆ ಹೈಡ್ರೋಜನ್ ಸೇರಿಸಿ ಆ ಸೆಳೆತಕ್ಕೆ ಜಾಗವೇ ಇಲ್ಲದಂತೆ ಮಾಡಿದ್ದರು. ಅವರು ಹೇಳಿದಂತೆ ಗುಂಪು ಚದುರಿ ಸಣ್ಣ ಅಣುಗಳು ಸಿಗಬೇಕಿತ್ತು. ಚದುರಲಿಲ್ಲ! ರಬ್ಬರಿನ ಗುಣ ಹಾಗೇ ಉಳಿಯಿತು. ಸ್ಟೈರೀನಿನ ಪಾಲಿಮರನ್ನೂ ಹೀಗೇ ಪರೀಕ್ಷಿಸಿದರು. ಬೇರೆ ಬೇರೆ ಕಾವಿನಲ್ಲಿ ಸ್ಟೈರೀನನ್ನು ಗಟ್ಟಿ ಮಾಡಿದರು. ಕಾವು ಕಡಿಮೆ ಇದ್ದಷ್ಟೂ ಸರ ಉದ್ದ, ಸರ ಉದ್ದವಾದಷ್ಟೂ ಅದನ್ನು ಕರಗಿಸಿದ ದ್ರಾವಣ ಮಂದ. ಹೀಗೆ ಮಂದತನ ಅಳೆದು ಅಣುವಿನ ಗಾತ್ರ ಕಂಡುಹಿಡಿಯುವ ದಾರಿ ತೋರಿಸಿದರು.

ಶುದ್ಧ ಮಾಡುವ ಕೆಲಸ ಮುಖ್ಯ ಎಂಬುದು ಮಾತ್ರ ನಿಜವೇ. ಕೆಲವು ಕೊಳೆ ಸರ ಬೆಳೆಯುವುದನ್ನೇ ನಿಲ್ಲಿಸುತ್ತದೆ, ಕೆಲವು ಸರಗಳಿಗೆ ಗಂಟು ಹಾಕುತ್ತದೆ. 1930ರ ದಶಕದಲ್ಲಿ ಸ್ಟೌಡಿಂಗರ್ ಇದನ್ನು ತೋರಿಸಿದರು. ಸ್ಟೈರೀನಿಗೆ ಡೈವಿನೈಲ್ ಬೆಂಜೀನ್ ಎಂಬುದು ಬಹಳ ಸ್ವಲ್ಪ ಬೆರೆತರೂ ಆಮೇಲೆ ಸಿಗುವ ಪಾಲಿಮರ್ ಕರಗುವುದೇ ಇಲ್ಲ, ದ್ರವ ಕುಡಿದು ಉಬ್ಬುತ್ತೆ ಅಷ್ಟೇ. ಕೊಡ ಹಾಲಿಗೆ ಸ್ವಲ್ಪ ಹುಳಿ ಬಿದ್ದರೂ ಒಡೆಯುತ್ತಲ್ಲ, ಹಾಗೆ ಸ್ವಲ್ಪದರಿಂದಲೇ ಎಲ್ಲಾ ಬದಲು.

ಈಗ ಪ್ರಯೋಗಶಾಲೆಯಲ್ಲಿ ಸ್ಟೈರೀನನ್ನು ಹೀಗೆ ಶುದ್ಧ ಮಾಡುತ್ತಾರೆ. ಡಬ್ಬಿಯಲ್ಲೇ ಗಟ್ಟಿಯಾಗದಿರಲಿ ಅಂತ ಅದಕ್ಕೆ ತಡೆಯುವ ಮದ್ದು ಹಾಕಿ ಕಳಿಸಿರುತ್ತಾರೆ. ಮೊದಲು ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆದು ಆ ಮದ್ದು ತೆಗೆಯಬೇಕು. ಆಮೇಲೆ ಬರೀ ನೀರಿನಲ್ಲಿ ತೊಳೆಯಬೇಕು. ಉಳಿದ ತೇವ ಹೀರೋಕೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಬೇಕು. ಕೊನೆಗೆ ಭಟ್ಟಿ ಇಳಿಸಬೇಕು. ಸ್ಟೈರೀನ್ ಕುದಿಯೋದು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಕಾಯಿಸಿದರೆ ಪಾತ್ರೆಯಲ್ಲೇ ಗಟ್ಟಿಯಾಗಲು ಶುರುವಾಗುತ್ತೆ. ಅದಕ್ಕೇ ಪಂಪಿನಿಂದ ಗಾಳಿ ಎಳೆದು ಒತ್ತಡ ಕಡಿಮೆ ಮಾಡುತ್ತಾರೆ, ಆಗ ಕಡಿಮೆ ಕಾವಿನಲ್ಲೇ ಕುದಿಯುತ್ತದೆ. ಶುದ್ಧವಾದದ್ದನ್ನು ತಂಪಿನಲ್ಲಿ, ಕತ್ತಲಲ್ಲಿ ಇಟ್ಟು ಬೇಗ ಬಳಸಬೇಕು. ಸ್ಟೈರೀನಿಗೆ ಬೇಗ ಬೆಂಕಿ ಹತ್ತುತ್ತದೆ, ಅದರ ಆವಿ ಆರೋಗ್ಯಕ್ಕೆ ಕೆಟ್ಟದ್ದು. ಆದ್ದರಿಂದ ಇದು ನಾವು ಮಾಡುವ ಪ್ರಯೋಗವಲ್ಲ.

1926ರಿಂದ ಸ್ಟೌಡಿಂಗರ್ ಜರ್ಮನಿಯ ಫ್ರೈಬರ್ಗ್‌ನಲ್ಲಿ ಪ್ರೊಫೆಸರ್ ಆಗಿದ್ದರು. ಪತ್ನಿ ಮಾಗ್ಡಾ ಸಸ್ಯವಿಜ್ಞಾನಿ, ಸಂಶೋಧನೆಯಲ್ಲಿ ಜೊತೆಗೆ ದುಡಿದರು. ಅಮೆರಿಕದಲ್ಲಿ ಕ್ಯಾರೋದರ್ಸ್ ಎಂಬುವರು ತಾವೇ ಉದ್ದ ಸರದ ಅಣುಗಳನ್ನು ಕಟ್ಟಿ, 1935ರಲ್ಲಿ ನೈಲಾನ್ ಮಾಡಿದರು. ನಿಧಾನವಾಗಿ ಎಲ್ಲರೂ ದೊಡ್ಡ ಅಣುವನ್ನು ಒಪ್ಪಿದರು. ಆದರೆ ಕಷ್ಟ ಮುಗಿಯಲಿಲ್ಲ. ನಾಜಿಗಳ ಕಾಲದಲ್ಲಿ, ಹಿಂದೆ ಯುದ್ಧ ವಿರೋಧಿಸಿದ್ದಕ್ಕೆ ಇವರ ಮೇಲೆ ವಿಚಾರಣೆ ನಡೆಯಿತು. 1944ರ ನವೆಂಬರ್ 27ರಂದು ಬಾಂಬ್ ದಾಳಿಯಲ್ಲಿ ಇವರ ಸಂಸ್ಥೆಯ ಬಹುಭಾಗ ಹಾಳಾಯಿತು. ಆಗ ಇವರಿಗೆ 63 ವರ್ಷ. ಆದರೂ ಕೆಲಸ ಬಿಡಲಿಲ್ಲ. 1953ರಲ್ಲಿ, 72ನೇ ವಯಸ್ಸಿನಲ್ಲಿ, ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. 1920ರ ಲೇಖನವಾಗಿ ಆಗಲೇ 33 ವರ್ಷ ಆಗಿತ್ತು! 1965ರ ಸೆಪ್ಟೆಂಬರ್ 8ರಂದು ಫ್ರೈಬರ್ಗ್‌ನಲ್ಲಿ ನಿಧನರಾದರು.

ಗಿಡದ ನಾರು, ಅಕ್ಕಿಯ ಪಿಷ್ಟ, ನಮ್ಮ ಮೈಯ ಪ್ರೋಟೀನ್ ಎಲ್ಲವೂ ದೊಡ್ಡ ಅಣುಗಳೇ. ಗಿಡಗಳನ್ನು ತಿಳಿಯಬೇಕೆಂದು ಹೊರಟ ಹುಡುಗ ಕೊನೆಗೂ ಅದನ್ನು ತಿಳಿದರು. ಹತ್ತು ಜನ ಅಲ್ಲ ಅಂದಾಗ ಹೆದರಿ ಬಿಡಬಾರದು, ಹಟಕ್ಕೂ ಬೀಳಬಾರದು. ಇನ್ನೊಂದು ಸಲ ಶುದ್ಧವಾಗಿ ಮಾಡಿ ನೋಡಬೇಕು. ಸ್ಟೌಡಿಂಗರ್ ಅವರಿಂದ ನಾವು ಕಲಿಯಬೇಕಾದ್ದು ಇದೇ.

– 7ನೇ ತರಗತಿ